ಬೇಸ್ ಗಿಟಾರ್ ಮತ್ತು ಆಂಪ್: ಕೊಳ್ಳುವುದು, ಸರಿಪಡಿಸುವುದು, ಇನ್ನೊಬ್ಬರಿಗೆ ದಾಟಿಸುವುದು

ಒಮ್ಮೆ ನನ್ನ ಕೈಗೆ ಬಂದ ನಾಲ್ಕು ತಂತಿಯ ಬೇಸ್ ಗಿಟಾರಿನ ಜೊತೆಗೆ ಒಂದು ಮಾತೂ ಬಂದಿತ್ತು: "ಪಿಕಪ್ ಸತ್ತಿದೆ, ಹೊಸದು ಹಾಕಿಸಬೇಕು." ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ಸುರುಳಿ. ಮಾರಿದವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಯಾರೋ ಹಾಗೆಂದಿದ್ದರು, ಅವರು ನಂಬಿದ್ದರು. ನಾನು ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್ಗಿಗೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿದೆ. ಮೀಟರ್ ಏನನ್ನೂ ತೋರಿಸಲಿಲ್ಲ. ನಾಬ್ ತಿರುಗಿಸಿದರೂ ಅಷ್ಟೇ. ಕೇಬಲ್ ಸಿಕ್ಕಿಸುವ ಜ್ಯಾಕ್ ಕೂರಿಸಿದ್ದ ತಗಡಿನ ಸ್ಕ್ರೂಗಳನ್ನು ಬಿಚ್ಚಿ ಹೊರಗೆಳೆದಾಗ ಕಾರಣ ಕಣ್ಣಿಗೇ ಕಂಡಿತು. ಜ್ಯಾಕಿನ ನಟ್ಟು ಸಡಿಲವಾಗಿತ್ತು. ಪ್ಲಗ್ ಚುಚ್ಚಿದಾಗಲೆಲ್ಲ ಇಡೀ ಜ್ಯಾಕ್ ತಿರುಗಿ, ಒಳಗಿನ ವೈರಿನ ಎಳೆಗಳನ್ನು ಒಂದೊಂದಾಗಿ ಕಡಿದು ಹಾಕಿತ್ತು. ಕೊನೆಯ ಎಳೆ ತಾನು ಬಿಟ್ಟುಬಂದ ಬೆಸುಗೆಯ ಮಣಿಯ ಪಕ್ಕದಲ್ಲೇ ನಿಂತಿತ್ತು. ವೈರಿನ ತುದಿ ಸುಲಿದು, ಹೊಸ ಬೆಸುಗೆ ಹಾಕಿ, ನಟ್ಟು ಬಿಗಿ ಮಾಡಲು ಹತ್ತು ನಿಮಿಷ ಸಾಕಾಯಿತು. ಆ ಪಿಕಪ್ ಇಂದಿಗೂ ಹಾಡುತ್ತಿದೆ.

ಎತ್ತು ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂತೆ, ಹೇಳಿದ್ದನ್ನೆಲ್ಲ ನಂಬಿ ಬಿಡಿಭಾಗ ಬದಲಿಸುತ್ತಾ ಹೋದರೆ ಒಳ್ಳೆಯ ವಾದ್ಯಗಳು ಹಾಳಾಗುತ್ತವೆ. ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಮುಂದಿನ ಮಾಲೀಕ ಹಿಂದಕ್ಕೆ ತಿರುಗಿಸಲಾಗದ ಯಾವ ಕೆಲಸವನ್ನೂ ವಾದ್ಯದ ಮೇಲೆ ಮಾಡಬೇಡಿ. ಮೊದಲು ಅಳೆಯಿರಿ, ಅಳತೆಯನ್ನು ಬರೆದಿಡಿ, ಆಮೇಲೆ ಕೈ ಹಾಕಿ. ಬಿಚ್ಚುವ ಮೊದಲು ಒಂದು ಫೋಟೊ ತೆಗೆಯಿರಿ. ಕೆಳಗಿನ ಹಂತಗಳೆಲ್ಲ ಈ ನಿಯಮವನ್ನೇ ಹಿಡಿದು ಸಾಗುತ್ತವೆ.

ಕೊಳ್ಳುವ ಮೊದಲು

ಹಳೆಯ ಬೇಸ್ ನೋಡಲು ಹೋಗುವಾಗ ಟ್ಯೂನರ್, ನಿಮ್ಮದೇ ಒಳ್ಳೆಯ ಕೇಬಲ್, ಚಿಕ್ಕ ಟಾರ್ಚ್, ಅಲೆನ್ ಕೀಗಳು ಮತ್ತು ಮಲ್ಟಿಮೀಟರ್ ಜೊತೆಯಲ್ಲಿರಲಿ. ಮೊದಲ ಕೆಲಸ ಶ್ರುತಿ ಮಾಡುವುದು. ಶ್ರುತಿ ಇಲ್ಲದೆ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಕುತ್ತಿಗೆ) ನೋಡಿ ಪ್ರಯೋಜನವಿಲ್ಲ. ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಸುಮಾರು 70ರಿಂದ 80 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತವೆ, ಆ ಎಳೆತದಲ್ಲಿ ಕಾಣುವ ಬಾಗೇ ನಿಜವಾದ ಬಾಗು. ನಂತರ ಬಿರಡೆಗಳಿರುವ ತುದಿಯಾದ ಹೆಡ್‌ಸ್ಟಾಕಿನ ಕಡೆಯಿಂದ, ಬಡಗಿ ಹಲಗೆಯ ಅಂಚನ್ನು ನೋಡುವಂತೆ ಒಂದು ಕಣ್ಣು ಮುಚ್ಚಿ ನೆಕ್ಕಿನ ಎರಡೂ ಅಂಚುಗಳನ್ನು ನೋಡಿ. ಎರಡೂ ಒಂದೇ ರೀತಿ ಬಾಗಿದ್ದರೆ ಸರಿಪಡಿಸಬಹುದು. ಒಂದು ಅಂಚು ಒಂದು ರೀತಿ, ಇನ್ನೊಂದು ಬೇರೆ ರೀತಿ ಕಂಡರೆ ನೆಕ್ ತಿರುಚಿಕೊಂಡಿದೆ ಎಂದು ಅರ್ಥ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಬಿಟ್ಟು ಬನ್ನಿ.

ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ, ಬಾಗನ್ನು ಹೊಂದಿಸುವುದು ಅದೇ. ಮಾಲೀಕರ ಒಪ್ಪಿಗೆ ಪಡೆದು ಅದರ ನಟ್ಟನ್ನು ತುಸು ಸಡಿಲಿಸಿ, ಮತ್ತೆ ಇದ್ದಲ್ಲಿಗೆ ತನ್ನಿ. ನಟ್ಟು ತಿರುಗದಿದ್ದರೆ, ಅದರ ಮೂಲೆಗಳು ಸವೆದು ಕೀಲಿ ಜಾರುತ್ತಿದ್ದರೆ, ಇಲ್ಲವೇ ಪೂರ್ತಿ ಬಿಗಿ ಮಾಡಿದ ಮೇಲೂ ನೆಕ್ ಬಿಲ್ಲಿನಂತೆಯೇ ಇದ್ದರೆ ಅದು ಹವ್ಯಾಸಿಯ ಕೈಗೆ ದಕ್ಕುವ ರಿಪೇರಿಯಲ್ಲ. ಫೆಂಡರ್ ಕಂಪನಿಯ ಮಾದರಿಯ ಕೆಲವು ಹಳೆಯ ನೆಕ್ಕುಗಳಲ್ಲಿ ನಟ್ಟು ದೇಹದ ಕಡೆಗಿದ್ದು, ನೆಕ್ ಬಿಚ್ಚಿದರೆ ಮಾತ್ರ ಕೈಗೆ ಸಿಗುತ್ತದೆ. ಅಲ್ಲಿ ಕಣ್ಣಿನ ಅಂದಾಜನ್ನೇ ನಂಬಬೇಕು. ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುವ ಗಿಬ್ಸನ್ ಮಾದರಿಯ ಬೇಸ್‌ಗಳಲ್ಲಿ ನೆಕ್ ಮತ್ತು ಹೆಡ್‌ಸ್ಟಾಕ್ ಸೇರುವ ಜಾಗಕ್ಕೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಅಂಟಿಸಿದ ಬಿರುಕು ಇದ್ದರೆ ಬಣ್ಣದ ಕೆಳಗೆ ಸಣ್ಣ ಗೆರೆಯಾಗಿ ತೋರುತ್ತದೆ.

ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಮ್ಮೆ ನುಡಿಸಿ. ಇದಕ್ಕೆ ಐದು ನಿಮಿಷ ಸಾಕು, ಆದರೂ ಬಹಳ ಮಂದಿ ಇದನ್ನು ಮಾಡುವುದಿಲ್ಲ.

ಕರಕರ ಎನ್ನುವ ನಾಬ್, ಬಿಟ್ಟುಬಿಟ್ಟು ಬರುವ ಸದ್ದು, ಗುಂಯ್‌ಗುಡುವಿಕೆ ಕಂಡರೆ ಹೆದರಬೇಡಿ. ಬೆಲೆ ಇಳಿಯುವುದು ಇಂಥ ದೋಷಗಳಿಂದಲೇ, ಸುಲಭವಾಗಿ ಸರಿಯಾಗುವುದೂ ಇವೇ. ಮರದ ದೋಷ ಬಿಡಿ, ವೈರಿನ ದೋಷ ಕೊಳ್ಳಿ ಎಂದು ನಾನು ಹೇಳುತ್ತೇನೆ.

ವಾದ್ಯ ಎಷ್ಟು ಹಳೆಯದು ಎಂಬ ಮಾತನ್ನು ಲೋಗೊ ನೋಡಿ ಒಪ್ಪಬೇಡಿ, ಲೋಗೊ ಅಂಟಿಸುವುದು ಕಷ್ಟವಲ್ಲ. ಸಾಧ್ಯವಾದರೆ ನಾಬ್‌ಗಳ ಅಡಿಯಲ್ಲಿರುವ ಪಾಟ್‌ಗಳ (ತಿರುಗಿಸಿ ಬದಲಿಸುವ ರೆಸಿಸ್ಟರ್‌ಗಳ) ಬೆನ್ನು ನೋಡಿ. ಅಮೆರಿಕದಲ್ಲಿ ತಯಾರಾದ ಹಳೆಯ ಪಾಟ್‌ಗಳ ಮೇಲೆ ಅಂಕಿಗಳ ಒಂದು ಸಾಲು ಅಚ್ಚಾಗಿರುತ್ತದೆ. ಮೊದಲ ಮೂರು ತಯಾರಕರ ಸಂಕೇತ: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ನಂತರದ ಒಂದೆರಡು ಅಂಕಿ ವರ್ಷವನ್ನೂ ಕೊನೆಯ ಎರಡು ವಾರವನ್ನೂ ಹೇಳುತ್ತವೆ. 1376612 ಎಂದಿದ್ದರೆ ಸಿಟಿಎಸ್ 1966ರ 12ನೆಯ ವಾರದಲ್ಲಿ ಮಾಡಿದ ಪಾಟ್. ಪಾಟ್ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದರ ಬೆಸುಗೆಗೆ ಯಾರಾದರೂ ಕೈ ಹಾಕಿದ್ದಾರೆಯೇ ಎಂಬುದನ್ನೂ ನೋಡಿ. ಹಳೆಯ ಬೆಸುಗೆಯ ಮೇಲೆ ಕುಳಿತ ಹೊಸ ಬೆಸುಗೆ ಹೊಳಪಿನಿಂದಲೇ ಗೊತ್ತಾಗುತ್ತದೆ.

ಸೀರಿಯಲ್ ನಂಬರನ್ನು ಬರೆದುಕೊಳ್ಳಿ, ವಾದ್ಯ ಎಲ್ಲಿಂದ ಬಂತು ಎಂದು ಕೇಳಿ. ಉತ್ತರ ತೊದಲಿದರೆ ಕೊಳ್ಳಬೇಡಿ. ಕಳುವಾದ ಬೇಸ್ ಎಂದರೆ ಯಾರದೋ ಹೊಟ್ಟೆಪಾಡಿನ ಸಾಧನವಾಗಿದ್ದಿರಬಹುದು.

ಮೊದಲು ತಂತಿ, ನಂತರ ನೆಕ್, ನಂತರ ಉಳಿದದ್ದು

ಮನೆಗೆ ತಂದ ಬೇಸ್‌ಗೆ ಮೊದಲು ಹೊಸ ತಂತಿ ಹಾಕಿ. ಹಳೆಯ ತಂತಿಯ ಮೇಲೆ ಮಾಡಿದ ಹೊಂದಾಣಿಕೆ ಹೊಸ ತಂತಿಗೆ ಕೂಡುವುದಿಲ್ಲ. ಬಿರಡೆಯ ಕಂಬದಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಹೆಚ್ಚುವರಿ ಬಿಟ್ಟು ತಂತಿ ಕತ್ತರಿಸಬೇಕು. ಕತ್ತರಿಸುವ ಜಾಗಕ್ಕಿಂತ ತುಸು ಹಿಂದೆ ಮೊದಲು ತಂತಿಯನ್ನು ಲಂಬಕೋನದಲ್ಲಿ ಮಡಿಸಿ, ಆಮೇಲೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯ ಮೇಲೆ ಸಡಿಲವಾಗಿ, ತಂತಿ ಹಾಕುವ ಮೊದಲೇ ಮಂಕಾಗುತ್ತದೆ.

ಶ್ರುತಿ ಮಾಡಿ ನೆಕ್ಕಿನ ಬಾಗು ಅಳೆಯಿರಿ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಕೇಪೊ (ತಂತಿಯನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಒತ್ತಿ. ನೆಕ್ ದೇಹವನ್ನು ಸೇರುವಲ್ಲಿಯ ಫ್ರೆಟ್ಟಿನಲ್ಲಿ ಬೆರಳಿನಿಂದ ಒತ್ತಿ. ಆಗ ತಂತಿಯೇ ನಿಮ್ಮ ನೇರ ಅಳತೆಗೋಲು. ಏಳನೆಯ ಅಥವಾ ಎಂಟನೆಯ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ 0.3ರಿಂದ 0.4 ಮಿಲಿಮೀಟರ್ ಸಂದು ಇದ್ದರೆ ಸಾಕು. ಇದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳು) ಅಳೆಯಿರಿ, ಕಣ್ಣಿನ ಅಂದಾಜು ಇಲ್ಲಿ ನಡೆಯದು. ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ನಟ್ಟನ್ನು ಅದರ ಎದುರಿನಿಂದ ನೋಡುತ್ತಾ ಗಡಿಯಾರದ ದಿಕ್ಕಿನಲ್ಲಿ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬಿಗಿ ಮಾಡುವಾಗ ತಂತಿಗಳನ್ನು ತುಸು ಸಡಿಲಿಸಿಕೊಂಡರೆ ನಟ್ಟಿನ ಮೇಲಿನ ಭಾರ ತಗ್ಗುತ್ತದೆ. ಮತ್ತೆ ಶ್ರುತಿ ಮಾಡಿ, ಅಳೆಯಿರಿ. ಮರ ಹೊಸ ಎಳೆತಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ನಾನು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡುತ್ತೇನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಟ್ರಸ್ ರಾಡಿಗೆ ಅಕ್ಷರಶಃ ಹೊಂದುತ್ತದೆ.

ಬಾಗು ಸರಿಯಾದ ಮೇಲೆ ತಂತಿಯ ಎತ್ತರ. 17ನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಕೆಳಗೆ ಸುಮಾರು 2.4 ಮಿಲಿಮೀಟರ್, ತೆಳು ತಂತಿಯ ಕೆಳಗೆ ಸುಮಾರು 2 ಮಿಲಿಮೀಟರ್ ಇಟ್ಟುಕೊಂಡು ಆರಂಭಿಸಿ. ವೀಣೆಯವರು ಕುದುರೆ ಎನ್ನುವುದನ್ನು ಗಿಟಾರಿನವರು ಬ್ರಿಡ್ಜ್ ಎನ್ನುತ್ತಾರೆ. ಅದರ ಮೇಲೆ ಪ್ರತಿ ತಂತಿಗೂ ಒಂದೊಂದು ಸ್ಯಾಡಲ್, ಪ್ರತಿ ಸ್ಯಾಡಲಿಗೂ ಎತ್ತರದ ಸ್ಕ್ರೂ. ಬಲವಾಗಿ ಮೀಟುವವರು ತುಸು ಎತ್ತರ ಇಟ್ಟುಕೊಳ್ಳಲಿ. ಸ್ಯಾಡಲ್ ಪೂರ್ತಿ ತಳಕ್ಕೆ ಇಳಿದ ಮೇಲೂ ತಂತಿ ಎತ್ತರದಲ್ಲೇ ಉಳಿದರೆ ನೆಕ್ ಕುಳಿತಿರುವ ಕೋನವನ್ನು ಬದಲಿಸಬೇಕು. ಸ್ಕ್ರೂಗಳಿಂದ ಬಿಗಿದ ನೆಕ್ಕಿನಲ್ಲಿ ಅದು ಸುಲಭ: ನೆಕ್ ಬಿಚ್ಚಿ, ಅದು ಕೂರುವ ಕುಳಿಯ ಬ್ರಿಡ್ಜ್ ಕಡೆಯ ಅಂಚಿನಲ್ಲಿ ತೆಳುವಾದ ಮರದ ಚಕ್ಕೆ ಇಟ್ಟು ಮತ್ತೆ ಬಿಗಿ ಮಾಡುವುದು.

ಇಲ್ಲಿ ಕೈಯ ಒಂದು ಅಭ್ಯಾಸ ಹೇಳುತ್ತೇನೆ, ನನಗೆ ಇದು ಒಂದು ನೆಕ್ಕಿನ ಬೆಲೆ ತೆತ್ತು ಬಂದದ್ದು. ಆರಂಭದ ದಿನಗಳಲ್ಲಿ ಬಿಚ್ಚಿದ ಸ್ಕ್ರೂವನ್ನು ರಂಧ್ರಕ್ಕೆ ಇಟ್ಟು ನೇರವಾಗಿ ಬಿಗಿ ಮಾಡುತ್ತಿದ್ದೆ. ಪ್ರತಿ ಸಲವೂ ಸ್ಕ್ರೂ ಹೊಸ ದಾರಿ ಕೊರೆಯುತ್ತಿತ್ತು. ಕೊನೆಗೊಂದು ದಿನ ಮೇಪಲ್ ಮರದೊಳಗಿನಿಂದ ಸಣ್ಣ ಚಟ್ ಎಂಬ ಸದ್ದು ಬಂತು. ಈಗ ಮರಕ್ಕೆ ಹೋಗುವ ಪ್ರತಿ ಸ್ಕ್ರೂವನ್ನೂ ಮೊದಲು ಹಿಮ್ಮುಖವಾಗಿ, ಬಿಚ್ಚುವ ದಿಕ್ಕಿನಲ್ಲೇ ತಿರುಗಿಸುತ್ತೇನೆ. ಅರ್ಧ ಸುತ್ತೋ ಮುಕ್ಕಾಲು ಸುತ್ತೋ ಆಗುವಷ್ಟರಲ್ಲಿ ಸ್ಕ್ರೂ ಕೂದಲೆಳೆಯಷ್ಟು ಕೆಳಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಅದು ಸ್ಕ್ರೂ ಮರದಲ್ಲಿ ಮೊದಲೇ ಕೊರೆದ ಸುರುಳಿ ದಾರಿ ಸಿಕ್ಕಿದ ಗುರುತು. ಅಲ್ಲಿಂದ ಬಿಗಿ ಮಾಡಿದರೆ ಸ್ಕ್ರೂ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ. ರಂಧ್ರ ಈಗಾಗಲೇ ಸವೆದಿದ್ದರೆ ಗಟ್ಟಿಮರದ ಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ಸರಿಯಾದ ಅಳತೆಯಲ್ಲಿ ಹೊಸ ರಂಧ್ರ ಕೊರೆಯಿರಿ.

ಕೊನೆಗೆ ಸ್ವರದ ನಿಖರತೆ. 12ನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಬರಿದೆ ತಾಗಿಸಿ ನುಡಿಸಿದ ಹಾರ್ಮೋನಿಕ್ ಮತ್ತು ಅದೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ.

ಮೀಟರ್ ಏನು ಹೇಳುತ್ತದೆ

ಸಾಧಾರಣ ಬೇಸ್‌ನ ಒಳಗೆ ಇರುವುದು ಬಹಳ ಕಡಿಮೆ: ಪಿಕಪ್, ಎರಡು ಮೂರು ಪಾಟ್‌ಗಳು, ಒಂದು ಕೆಪಾಸಿಟರ್, ಜ್ಯಾಕ್. ಬ್ಯಾಟರಿ ಇಲ್ಲದ ಇಂಥ ವಾದ್ಯವನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ವಾಲ್ಯೂಮ್ ಮತ್ತು ಟೋನ್ ಪೂರ್ತಿ ತೆರೆದು, ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗಿನ ತುದಿ ಮತ್ತು ಕೊಳವೆಯ ನಡುವೆ ಓಮ್ ಅಳೆಯಿರಿ. ಫೆಂಡರಿನ ಪ್ರಿಸಿಷನ್ ಬೇಸ್ ಮಾದರಿಯಲ್ಲಿ 10 ಕಿಲೋ ಓಮ್ ಆಸುಪಾಸು ಬರಬೇಕು. ಅದೇ ಕಂಪನಿಯ ಎರಡು ಪಿಕಪ್ಪಿನ ಜಾಝ್ ಬೇಸ್‌ನಲ್ಲಿ ಒಂದೊಂದು ಪಿಕಪ್ 7ರಿಂದ 8 ಕಿಲೋ ಓಮ್ ಇರುತ್ತದೆ, ಎರಡೂ ತೆರೆದಾಗ ಅವು ಸಮಾಂತರವಾಗಿ ಸೇರಿ ಅದರ ಅರ್ಧದಷ್ಟು ತೋರಿಸುತ್ತವೆ. 10 ಬರಬೇಕಾದಲ್ಲಿ 250 ಕಿಲೋ ಓಮ್ ಬಂದರೆ ನೀವು ಅಳೆಯುತ್ತಿರುವುದು ಪಾಟನ್ನು ಮಾತ್ರ, ಪಿಕಪ್ಪಿನ ಸುರುಳಿಯೋ ಅದರ ವೈರೋ ಕಡಿದಿದೆ. ಏನೂ ಬರದಿದ್ದರೆ ದೋಷ ಜ್ಯಾಕಿನಲ್ಲಿ ಅಥವಾ ಜ್ಯಾಕಿಗೆ ಹೋಗುವ ವೈರಿನಲ್ಲಿ, ಮೊದಲು ಹೇಳಿದ ಗಿಟಾರಿನಂತೆ. ಸೊನ್ನೆ ಬಂದರೆ ಎಲ್ಲೋ ಎರಡು ವೈರ್ ಒಂದಕ್ಕೊಂದು ತಾಗಿವೆ. ಈ ನಾಲ್ಕು ಉತ್ತರಗಳನ್ನು ನೆನಪಿಟ್ಟುಕೊಂಡರೆ ಅರ್ಧ ರಿಪೇರಿ ಮುಗಿದಂತೆ.

ಗುಂಯ್ ಸದ್ದಿಗೆ ಬೆರಳೇ ಮೀಟರ್. ತಂತಿ ಮುಟ್ಟಿದ ಕೂಡಲೇ ಸದ್ದು ಇಳಿದರೆ ಗ್ರೌಂಡ್ ವೈರ್ ಸರಿಯಿದೆ, ಒಳಕುಳಿಗೆ ತಾಮ್ರದ ಟೇಪಿನ ಕವಚ ಬೇಕು. ತಂತಿ ಮುಟ್ಟಿದಾಗ ಬದಲಾಗದೆ, ಜ್ಯಾಕಿನ ಲೋಹ ಮುಟ್ಟಿದಾಗ ಮಾತ್ರ ಇಳಿದರೆ ಬ್ರಿಡ್ಜಿನ ಅಡಿಯಲ್ಲಿರುವ ಗ್ರೌಂಡ್ ವೈರ್ ಬಿಟ್ಟುಕೊಂಡಿದೆ. ಬ್ರಿಡ್ಜ್ ಎತ್ತಿ, ವೈರಿನ ತುದಿ ಸುಲಿದು, ಲೋಹಕ್ಕೆ ತಾಗುವಂತೆ ಮತ್ತೆ ಕೂರಿಸಿ. ಜಾಝ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇದ್ದಾಗ ಸದ್ದು ಇಳಿದು, ಒಂದನ್ನು ತಗ್ಗಿಸಿದಾಗ ಏರಿದರೆ ಅದು ದೋಷವಲ್ಲ. ಎರಡು ಪಿಕಪ್‌ಗಳು ವಿರುದ್ಧ ದಿಕ್ಕಿನ ಸುತ್ತು ಮತ್ತು ಅಯಸ್ಕಾಂತ ಹೊಂದಿದ್ದು, ಜೊತೆಯಾಗಿ ಇದ್ದಾಗ ಮಾತ್ರ ಹೊರಗಿನ ಸದ್ದನ್ನು ರದ್ದುಮಾಡುತ್ತವೆ. ಪ್ರಿಸಿಷನ್ ಬೇಸ್‌ನ ಪಿಕಪ್ಪನ್ನು 1957ರಲ್ಲಿ ಎರಡು ತುಂಡಾಗಿ ಒಡೆದದ್ದರಲ್ಲಿಯೂ ಇದೇ ತತ್ವವಿದೆ.

ಬೆಸುಗೆಯ ವಿಷಯದಲ್ಲಿ ನಾನು ಹಟ ಹಿಡಿಯುವುದು ಮೂರಕ್ಕೆ. ಬೆಸುಗೆ ಹಾಕುವ ಐರನ್ನಿನ ತುದಿ ಶುಚಿಯಾಗಿರಬೇಕು. ಬಿಸಿ ಮಾಡಬೇಕಾದದ್ದು ಬೆಸುಗೆ ವೈರನ್ನಲ್ಲ, ಕೂಡಬೇಕಾದ ಎರಡು ಲೋಹಗಳನ್ನು. ಬೆಸುಗೆ ಆರುವವರೆಗೆ ವೈರ್ ಅಲುಗಬಾರದು. ತವರ 63, ಸೀಸ 37 ಅನುಪಾತದ ಬೆಸುಗೆ 183 ಡಿಗ್ರಿಯಲ್ಲಿ ಕರಗಿ ಅಲ್ಲೇ ಗಟ್ಟಿಯಾಗುವುದರಿಂದ ಕಲಿಯುವವರಿಗೆ ಅದು ಹಿತ. ಆದರೆ ಸೀಸ ವಿಷ: ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ನಲ್ಲಿ ಕೆಲಸದವರು ಬಳಸುವ ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಲೇಪ) ಬೇಡವೇ ಬೇಡ, ಅದು ವೈರನ್ನು ತಿಂಗಳುಗಟ್ಟಲೆ ಕೊರೆಯುತ್ತದೆ. ಪಾಟಿನ ಬೆನ್ನಿಗೆ ಬೆಸುಗೆ ಹಾಕುವಾಗ ಮೊದಲು ಉಪ್ಪುಕಾಗದದಿಂದ ಉಜ್ಜಿ, ದಪ್ಪ ತುದಿಯ ಐರನ್ ಬಳಸಿ ಬೇಗ ಮುಗಿಸಿ. ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ.

ಬ್ಯಾಟರಿ ಇರುವ ಆಕ್ಟಿವ್ ಬೇಸ್ ಸುಮ್ಮನಾಗಿದ್ದರೆ ಮೊದಲು 9 ವೋಲ್ಟಿನ ಬ್ಯಾಟರಿ ಬದಲಿಸಿ. ಅಂಥ ಗಿಟಾರುಗಳಲ್ಲಿ ಸಾಮಾನ್ಯವಾಗಿ ಜ್ಯಾಕೇ ಸ್ವಿಚ್ಚು, ಪ್ಲಗ್ ಚುಚ್ಚಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಆಂಪ್: ಪೆಟ್ಟಿಗೆಯ ಹೊರಗಿನಿಂದಲೇ

ಗಿಟಾರಿನ ಒಳಗೆ ಕೈ ಹಾಕಿದರೆ ಹೆಚ್ಚೆಂದರೆ ಬೆರಳು ಸುಡುತ್ತದೆ. ಗಿಟಾರಿನ ಸದ್ದನ್ನು ಹೆಚ್ಚಿಸುವ ಆಂಪ್ (ಆಂಪ್ಲಿಫೈಯರ್) ಹಾಗಲ್ಲ, ಅದು ಕೊಲ್ಲಬಲ್ಲದು. 1969ರಲ್ಲಿ ಬಂದ 300 ವ್ಯಾಟಿನ ಆಂಪೆಗ್ ಎಸ್‌ವಿಟಿಯಂಥ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ ಒಳಗೆ 700 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಆ ಚಾರ್ಜನ್ನು ಹಿಡಿದುಕೊಂಡಿರಬಹುದು. ಇಂದಿನ ಹಗುರ ಕ್ಲಾಸ್ ಡಿ ಆಂಪ್‌ಗಳ ವಿದ್ಯುತ್ ಘಟಕದಲ್ಲಿಯೂ 300 ವೋಲ್ಟ್ ದಾಟಬಹುದು. ಒಳಗಿನ ಕೆಲಸ ಕಲಿಯಬೇಕೆಂದಿದ್ದರೆ ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯಿರಿ: ಪ್ಲಗ್ ಕಿತ್ತು, ಕಾದು, ವೋಲ್ಟ್ ಅಳೆದು, ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ, ಮತ್ತೆ ಅಳೆದು, ಆಮೇಲೆ ಮುಟ್ಟುವ ಕ್ರಮವನ್ನು ಕಣ್ಣಾರೆ ನೋಡಿದವರು ಮಾತ್ರ ಅದನ್ನು ಮರೆಯುವುದಿಲ್ಲ. ಅಲ್ಲಿಯವರೆಗೆ ಪೆಟ್ಟಿಗೆ ಮುಚ್ಚಿಯೇ ಇರಲಿ. ಮುಚ್ಚಿದ ಪೆಟ್ಟಿಗೆಯ ಹೊರಗಿನಿಂದ ಮಾಡಬಹುದಾದದ್ದು ಬೇಕಾದಷ್ಟಿದೆ.

ಸದ್ದು ಇದ್ದಕ್ಕಿದ್ದಂತೆ ತಗ್ಗುವುದು, ಒಂದು ಜೋರು ಸ್ವರ ಹೊಡೆದಾಗ ಮರಳುವುದು ಹಳೆಯ ಆಂಪ್‌ಗಳ ಸಾಮಾನ್ಯ ದೂರು. ಮೊದಲು ಬೇರೆ ಕೇಬಲ್, ಬೇರೆ ಗಿಟಾರ್, ಬೇರೆ ಸ್ಪೀಕರ್ ಪೆಟ್ಟಿಗೆ ಹಾಕಿ ನೋಡಿ. ಆಗಲೂ ದೋಷ ಉಳಿದರೆ ಆಂಪಿನ ಬೆನ್ನಲ್ಲಿರುವ, ಹೊರಗಿನ ಎಫೆಕ್ಟ್ ಪೆಟ್ಟಿಗೆಗೆ ಸದ್ದು ಕಳಿಸಿ ಮರಳಿ ತರುವ ಎಫೆಕ್ಟ್ಸ್ ಸೆಂಡ್ ಮತ್ತು ರಿಟರ್ನ್ ಜ್ಯಾಕ್‌ಗಳನ್ನು ಒಂದು ಚಿಕ್ಕ ಕೇಬಲ್ಲಿನಿಂದ ಜೋಡಿಸಿ. ಸದ್ದು ಸ್ಥಿರವಾಯಿತೇ? ಹಾಗಾದರೆ ಸಿಕ್ಕಿತು: ರಿಟರ್ನ್ ಜ್ಯಾಕಿನೊಳಗಿನ ಪುಟ್ಟ ಸ್ವಿಚ್ಚಿನ ಲೋಹ ಕಿಲುಬು ಹಿಡಿದಿದೆ. ಪ್ಲಗ್ ಕಿತ್ತ ಆಂಪಿನ ಆ ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಕೇಬಲ್ ಪ್ಲಗ್ಗನ್ನು ಇಪ್ಪತ್ತು ಬಾರಿ ಒಳಗೆ ಹೊರಗೆ ಮಾಡಿ, ದ್ರವ ಆರಲು ಬಿಡಿ. ಸತ್ತೇ ಹೋಯಿತೆಂದು ಅಗ್ಗಕ್ಕೆ ಮಾರಿದ ಆಂಪ್‌ಗಳು ಇಷ್ಟರಿಂದಲೇ ಎದ್ದು ಕುಳಿತದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಫ್ಯೂಸ್ ಹೋದರೆ ಅದೇ ಅಳತೆಯ, ಅದೇ ಬಗೆಯ ಫ್ಯೂಸ್ ಒಮ್ಮೆ ಹಾಕಿ. ಮತ್ತೆ ಹೋದರೆ ನಿಲ್ಲಿಸಿ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು ಬೆಂಕಿಗೆ ಬಾಗಿಲು ತೆರೆದಂತೆ. ಹಮ್ ತಗ್ಗುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ ಕೀಳುವವರಿದ್ದಾರೆ. ಯಾರೇ ಹೇಳಿದರೂ ಕೀಳಬೇಡಿ, ಕಿತ್ತ ಆಂಪ್ ಕೈಗೆ ಬಂದರೆ ಮೊದಲು ಅದನ್ನು ಸರಿಪಡಿಸಿ. ಎರಡೇ ಪಿನ್ ಇರುವ ಹಳೆಯ ವಾಲ್ವ್ ಆಂಪ್‌ಗೆ ಮೂರು ಪಿನ್ನಿನ ಕೇಬಲ್ ಹಾಕಿಸುವುದು ತಂತ್ರಜ್ಞರ ಕೆಲಸ, ಮೂಲ ರೂಪ ಉಳಿಸುವ ನನ್ನ ನಿಯಮಕ್ಕೆ ಇದೊಂದೇ ಅಪವಾದ. ಬಹಳ ವರ್ಷ ಸುಮ್ಮನೆ ಕುಳಿತ ಆಂಪನ್ನು ನೇರವಾಗಿ ಆನ್ ಮಾಡಬೇಡಿ. ಹಳೆಯ ಮಾದರಿಯ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿಟ್ಟು ವಿದ್ಯುತ್ ಕೊಡುವ ಪೆಟ್ಟಿಗೆಯ ಮೂಲಕ ತಂತ್ರಜ್ಞರು ಅದನ್ನು ಎಬ್ಬಿಸುತ್ತಾರೆ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸಮಾಧಾನ, ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

ಸ್ಪೀಕರಿನ ಪರೀಕ್ಷೆ ಸುಲಭ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 6 ಓಮಿನ ಆಸುಪಾಸು ತೋರಿಸುತ್ತದೆ, ಅದು ಸರಿಯಾದದ್ದೇ. ಏನೂ ತೋರಿಸದಿದ್ದರೆ ಸುರುಳಿ ಸುಟ್ಟಿದೆ. ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಮರಳು ಉಜ್ಜಿದಂಥ ಸದ್ದು ಕೇಳಿದರೆ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ. ಪೆಟ್ಟಿಗೆ ಗಡಗಡ ಎಂದರೆ ಕೂಡಲೇ ಸ್ಪೀಕರನ್ನು ದೂರಬೇಡಿ. ಒಬ್ಬರು ದಪ್ಪ ತಂತಿಯ 41 ಹರ್ಟ್ಸಿನ ಇ ಸ್ವರದಿಂದ ಒಂದೊಂದೇ ಫ್ರೆಟ್ ಮೇಲೇರುತ್ತಾ ನುಡಿಸಲಿ, ಇನ್ನೊಬ್ಬರು ಪೆಟ್ಟಿಗೆಯ ಸುತ್ತ ಅಂಗೈ ಒತ್ತುತ್ತಾ ಹೋಗಲಿ. ಒಂದು ಜಾಗದಲ್ಲಿ ಸದ್ದು ಥಟ್ಟನೆ ನಿಲ್ಲುತ್ತದೆ: ಹಿಡಿಯ ಸ್ಕ್ರೂ, ಜಾಲರಿಯ ಮೂಲೆ, ಇಲ್ಲವೇ ಜ್ಯಾಕಿನ ತಗಡು.

ಆಂಪ್ ಮತ್ತು ಸ್ಪೀಕರ್ ಜೋಡಿಸುವಾಗ ಎರಡು ಮಾತು. ಎರಡು 8 ಓಮ್ ಪೆಟ್ಟಿಗೆಗಳು ಸಮಾಂತರದಲ್ಲಿ 4 ಓಮ್ ಆಗುತ್ತವೆ, ಎರಡು 4 ಓಮ್ ಸೇರಿದರೆ 2. ಟ್ರಾನ್ಸಿಸ್ಟರ್ ಆಂಪ್‌ಗೆ ಅದರ ಬೆನ್ನ ಮೇಲೆ ಬರೆದ ಕನಿಷ್ಠ ಓಮಿಗಿಂತ ಕೆಳಗೆ ಹೋಗಬಾರದು. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ನಡುವಿನ ಕೇಬಲ್ ಸ್ಪೀಕರಿನದೇ ಆಗಿರಬೇಕು. ಗಿಟಾರ್ ಕೇಬಲ್ ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗಿನ ವೈರ್ ತೆಳು, ಬಿಸಿಯಾಗುತ್ತದೆ.

ಏನನ್ನು ಬದಲಿಸಬಹುದು

ಬೇಸ್‌ನ ದನಿಯನ್ನು ಅತಿ ಹೆಚ್ಚು ಬದಲಿಸುವುದು ತಂತಿ. ಉರುಟು ಸುತ್ತಿನ ತಂತಿ ತೆಗೆದು ಚಪ್ಪಟೆ ಸುತ್ತಿನದು ಹಾಕಿದರೆ ಅದೇ ಗಿಟಾರ್ ಬೇರೆ ವಾದ್ಯವಾಗುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ಇಂಥ ಹಳೆಯ ಚಪ್ಪಟೆ ತಂತಿಗಳೇ. ಎರಡನೆಯದು ಟೋನ್ ಕೆಪಾಸಿಟರ್. ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್ ಇರುತ್ತದೆ. ಎರಡು ಕ್ಲಿಪ್ ವೈರ್ ಹೊರಗೆಳೆದು ಬೇರೆ ಬೇರೆ ಬೆಲೆಯವನ್ನು ತಾಗಿಸಿ ಕೇಳಿ, ಕಿವಿ ಒಪ್ಪಿದ ಮೇಲೆ ಬೆಸುಗೆ ಹಾಕಿ. ಜಾಝ್ ಬೇಸ್‌ನ ಎರಡು ಪಿಕಪ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ದನಿ ದಪ್ಪವಾಗಿ ಮುಂದೆ ಬರುತ್ತದೆ. ಎಳೆದರೆ ಬದಲಾಗುವ ಪಾಟ್ ಹಾಕಿದರೆ ಇದಕ್ಕೆ ಹೊಸ ರಂಧ್ರವೇ ಬೇಡ.

ಪಿಕಪ್ ಬದಲಿಸುವುದು ಕೊನೆಯ ಮಾತಾಗಿರಲಿ. ಅಗ್ಗದ ಬೇಸ್‌ಗೆ ಅದಕ್ಕಿಂತ ದುಬಾರಿ ಪಿಕಪ್ ಹಾಕುವುದು ಮೂಗಿಗಿಂತ ಮೂಗುತಿ ಭಾರ ಎನ್ನುವಂತಾಗುತ್ತದೆ, ಮಾರುವಾಗ ಆ ಹಣ ಮರಳುವುದಿಲ್ಲ. ಹಾಕಿದ ಮೇಲೆ ಎರಡೂ ಪಿಕಪ್ ತೆರೆದಾಗ ದನಿ ಸೊರಗಿದರೆ ಅವು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ, ಒಂದರ ಎರಡು ವೈರ್‌ಗಳನ್ನು ಅದಲು ಬದಲು ಮಾಡಿ.

ಮರ ಕೊರೆದು ಕುಳಿ ಅಗಲಿಸುವುದು, ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡುವುದು, ಮೂಲ ಬಣ್ಣ ಕೆರೆಯುವುದನ್ನು ನಾನು ಮಾಡುವುದಿಲ್ಲ. 1951ರಲ್ಲಿ ಲಿಯೊ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಲ್ಲಿ ತಂತಿ ನುಡಿಯುವ ಉದ್ದವಾದ 34 ಇಂಚಿನ ಅಳತೆ ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ, ಅದರ ನೆಕ್ ನಾಲ್ಕು ಸ್ಕ್ರೂಗಳಲ್ಲಿ ಬಿಚ್ಚಿಬರುತ್ತದೆ. ಫ್ರೆಟ್‌ಲೆಸ್ ಬೇಕೆಂದರೆ ಹೊಂದುವ ಇನ್ನೊಂದು ನೆಕ್ ಕೊಳ್ಳಿ, ಮೂಲದ್ದನ್ನು ಬಟ್ಟೆ ಸುತ್ತಿ ಎತ್ತಿಡಿ.

ಮಾರುವಾಗ

ಬಿಚ್ಚಿದ ಮೂಲ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ, ಯಾವುದು ಯಾವ ಗಿಟಾರಿನದು ಎಂದು ಚೀಟಿ ಅಂಟಿಸುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಹಳೆಯ ವಾದ್ಯಕ್ಕೆ ಆ ಚೀಲವೇ ಬೆಲೆ ತರುತ್ತದೆ. ಬೇರೆ ಬೇರೆ ಗಿಟಾರುಗಳ ಭಾಗಗಳಿಂದ ಕೂಡಿಸಿದ ಬೇಸ್ ಎಷ್ಟೇ ಚೆನ್ನಾಗಿ ನುಡಿದರೂ ಅದನ್ನು ಹಾಗೆಂದೇ ಹೇಳಿ ಮಾರಿ. ಚಕ್ಕೆ ಎದ್ದ ಬಣ್ಣ, ತುಂಬಿದ ರಂಧ್ರ, ಬದಲಿಸಿದ ಪಾಟ್, ಎಲ್ಲದರ ಹತ್ತಿರದ ಫೋಟೊ ಹಾಕಿ. ದೋಷ ಮೊದಲೇ ಕಂಡ ಕೊಳ್ಳುಗ ಚೌಕಾಸಿ ಕಡಿಮೆ ಮಾಡುತ್ತಾನೆ, ನನ್ನ ಅನುಭವ ಯಾವಾಗಲೂ ಹೀಗೆಯೇ ಇದೆ.

ಗಡಿಯಾಚೆ ಮಾರುವವರು ಮರದ ಜಾತಿ ನೋಡಬೇಕು. ರೋಸ್‌ವುಡ್ ಸೇರಿರುವ ಡಾಲ್ಬರ್ಜಿಯಾ ಕುಲವನ್ನು 2017ರ ಜನವರಿಯಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಗಿತ್ತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆದರೆ ಬ್ರೆಜಿಲಿಯನ್ ರೋಸ್‌ವುಡ್ 1992ರಿಂದಲೂ ಮೊದಲ ಪಟ್ಟಿಯಲ್ಲಿದೆ, ವಿನಾಯಿತಿ ಅದಕ್ಕಿಲ್ಲ. 1960ರ ದಶಕದ ಬೇಸ್ ಕಳಿಸುವ ಮುನ್ನ ಫ್ರೆಟ್‌ಬೋರ್ಡ್ ಯಾವ ಮರ ಎಂದು ಖಚಿತಪಡಿಸಿಕೊಳ್ಳಿ.

ಕಳಿಸುವ ದಿನ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ಪೂರ್ತಿ ಸಡಿಲಿಸಬೇಡಿ. ಬ್ಯಾಟರಿ ಇದ್ದರೆ ತೆಗೆಯಿರಿ. ಕೇಸಿನೊಳಗೆ ಹೆಡ್‌ಸ್ಟಾಕಿನ ಹಿಂದೆ ಮತ್ತು ನೆಕ್ಕಿನ ಕೆಳಗೆ ಕಾಗದ ತುಂಬಿ, ಹೆಡ್‌ಸ್ಟಾಕ್ ಗಾಳಿಯಲ್ಲಿ ನೇತಾಡಬಾರದು. ವಾಲ್ವ್ ಆಂಪ್ ಆದರೆ ತಣ್ಣಗಾದ ಮೇಲೆ ವಾಲ್ವ್‌ಗಳನ್ನು ತೆಗೆದು, ಯಾವ ಸಾಕೆಟ್ಟಿನದು ಎಂದು ಬರೆದು, ಬೇರೆ ಡಬ್ಬಿಯಲ್ಲಿ ಸುತ್ತಿಡಿ. ಭಾರದ ಟ್ರಾನ್ಸ್‌ಫಾರ್ಮರ್ ಇರುವ ಬದಿ ಕೆಳಗೆ ಬರಲಿ. ಕೇಸ್ ಮುಚ್ಚುವ ಮೊದಲು ಮೂಲ ಭಾಗಗಳ ಚೀಲವನ್ನೂ, ನೀವು ಬರೆದಿಟ್ಟ ಅಳತೆಗಳ ಹಾಳೆಯನ್ನೂ ಒಳಗೆ ಇಡಿ: ನೆಕ್ಕಿನ ಬಾಗು ಎಷ್ಟು, 17ನೆಯ ಫ್ರೆಟ್ಟಿನ ಮೇಲೆ ಎತ್ತರ ಎಷ್ಟು, ಯಾವ ತಂತಿ, ಯಾವ ಬೆಸುಗೆ ನಿಮ್ಮದು, ಯಾವ ದಿನಾಂಕ.